ಒಬ್ಬರೇ ದಿಮ್ಮಿ ಕೊಯ್ಯಬಹುದು, ಎತ್ತಲು ಹೋಗಬೇಡಿ ಅಷ್ಟೇ

ಪ್ರಶ್ನೆ: ಕೊಪ್ಪದ ಹತ್ತಿರ ನಮ್ಮದು ಅಡಿಕೆ, ಕಾಫಿ ತೋಟ. ಮಳೆಗಾಲದ ಗಾಳಿಗೆ ಕೆಲವು ಸಿಲ್ವರ್ ಓಕ್ ಮರ ಬಿದ್ದಿವೆ, ಒಂದು ಹಲಸೂ ಬಿದ್ದಿದೆ. ಪ್ಲೈವುಡ್‌ನವರು ಕೇಳುವ ರೇಟಿಗೆ ಕೊಡಲು ಮನಸ್ಸಿಲ್ಲ. ಮನೆಗೆ ಮುಚ್ಚಿಗೆ ಹಲಗೆ, ಕೊಟ್ಟಿಗೆಯ ಮಾಡಿಗೆ ಪಕಾಸು, ರೀಪು ಬೇಕು. ಪೆಟ್ರೋಲ್ ಎಂಜಿನ್ನಿನ ಸಣ್ಣ ಬ್ಯಾಂಡ್ ಸಾ ಮಿಲ್ ತರುವ ಯೋಚನೆ ಇದೆ. ಆಳು ಸಿಗುವುದಿಲ್ಲ, ಮಗ ಬೆಂಗಳೂರಿನಲ್ಲಿ, ತಿಂಗಳಿಗೊಮ್ಮೆ ಬರುತ್ತಾನೆ. ನನಗೆ 54 ವರ್ಷ. ಎರಡಡಿ ದಪ್ಪದ ದಿಮ್ಮಿಯನ್ನು ಒಬ್ಬನೇ ಮಿಲ್ಲಿನ ಮೇಲೆ ಹಾಕಿ ಕೊಯ್ಯಲು ಆಗುತ್ತದಾ? ಏನೇನು ಸಾಮಾನು ಬೇಕು?

ಉತ್ತರ: ಆಗುತ್ತದೆ. ಕೊಯ್ಯುವುದು ಈ ಕೆಲಸದಲ್ಲಿ ಸುಲಭದ ಭಾಗ. ಎಂಜಿನ್ ತಿರುಗುತ್ತದೆ, ನೀವು ಪಟ್ಟಿಯಂಥ ಬ್ಲೇಡ್ ಇರುವ ಮಿಲ್ಲಿನ ತಲೆಯನ್ನು ಮೆಲ್ಲಗೆ ತಳ್ಳಿಕೊಂಡು ಹೋಗುತ್ತೀರಿ. ಕಷ್ಟ ಇರುವುದು ಬಿದ್ದ ಜಾಗದಿಂದ ಮಿಲ್ಲಿನ ಹಾಸಿನವರೆಗೆ (ದಿಮ್ಮಿ ಮಲಗಿಸುವ ಚೌಕಟ್ಟು) ದಿಮ್ಮಿ ಬರುವ ದಾರಿಯಲ್ಲಿ, ಮತ್ತೆ ಹಾಸಿನ ಮೇಲೆ ಅದನ್ನು ತಿರುಗಿಸುವುದರಲ್ಲಿ. ಒಬ್ಬರೇ ಮಾಡುವವರು ಆ ದಾರಿಯನ್ನು ಮೊದಲೇ ಸರಿಯಾಗಿ ಕಟ್ಟಿಕೊಂಡರೆ ಮೈಬಲದ ಪ್ರಶ್ನೆಯೇ ಬರುವುದಿಲ್ಲ. ಕಟ್ಟಿಕೊಳ್ಳದಿದ್ದರೆ ನಾಲ್ಕು ಜನ ಇದ್ದರೂ ಅಪಾಯವೇ. ಹಾಗಾಗಿ ನನ್ನ ಉತ್ತರದಲ್ಲಿ ಮಿಲ್ಲಿಗಿಂತ ಜಾಗ, ಹಗ್ಗ, ಬೆಣೆಯ ಮಾತೇ ಜಾಸ್ತಿ ಇರುತ್ತದೆ.

ಮೊದಲು ತೂಕ ತಿಳಿದುಕೊಳ್ಳಿ. ನಮ್ಮ ಕಡೆ ನಾಟಾ (ಮರಮಟ್ಟು) ಅಳೆಯುವುದು ಸುತ್ತಳತೆ ಹಿಡಿದು ಅಲ್ವಾ? ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ಘನ ಅಡಿ, ಅಂದರೆ ಸಿಎಫ್‌ಟಿ. ಈ ಲೆಕ್ಕ ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಶೇ. 21ರಷ್ಟು ಕಡಿಮೆ ತೋರಿಸುತ್ತದೆ. ವ್ಯಾಪಾರಕ್ಕೆ ಅದು ಸರಿ, ಹಗ್ಗ ಆರಿಸುವಾಗ ಮಾತ್ರ ಮೋಸ ಹೋಗಬಾರದು. ಹಸಿ ಮರ ಹೆಚ್ಚುಕಡಿಮೆ ನೀರಿನಷ್ಟೇ ಭಾರ ಎಂದು ಹಿಡಿಯಿರಿ. ಆಗ ನಾಟಾ ಲೆಕ್ಕದ ಒಂದು ಸಿಎಫ್‌ಟಿಗೆ 36 ಕೆಜಿ ಬರುತ್ತದೆ. ನಿಮ್ಮ ಎರಡಡಿ ದಪ್ಪದ ಮರದ ಸುತ್ತಳತೆ 6 ಅಡಿಯ ಆಸುಪಾಸು ಇರಬೇಕು. 10 ಅಡಿ ಉದ್ದದ ತುಂಡಾದರೆ ಒಂದೂವರೆಯನ್ನು ಒಂದೂವರೆಯಿಂದ, ಅದನ್ನು ಹತ್ತರಿಂದ ಗುಣಿಸಿ. 22.5 ಸಿಎಫ್‌ಟಿ, ಅಂದರೆ 810 ಕೆಜಿ. ಸುತ್ತಳತೆ 3 ಅಡಿ ಇದ್ದರೆ ಅದೇ ಉದ್ದಕ್ಕೆ ಸುಮಾರು 200 ಕೆಜಿ. ದಪ್ಪ ಅರ್ಧವಾದರೆ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ. ಇದು ತಲೆಯಲ್ಲಿ ಕೂತರೆ ಯಾವ ದಿಮ್ಮಿಗೆ ಎಷ್ಟು ತಯಾರಿ ಬೇಕು ಎಂಬುದು ನೋಡಿದ ತಕ್ಷಣ ಗೊತ್ತಾಗುತ್ತದೆ.

ತೂಕ ಇಳಿಸಲು ಎಲ್ಲಕ್ಕಿಂತ ಅಗ್ಗದ ಉಪಾಯ ಉದ್ದ ಕತ್ತರಿಸುವುದು. ಏನು ಬೇಕು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಬಾಗಿಲಿನ ದಾರಂದಕ್ಕೆ ಏಳೂವರೆ ಅಡಿಯ ತುಂಡು ಸಾಕು. ಮುಚ್ಚಿಗೆ ಹಲಗೆ ತೊಲೆಯಿಂದ ತೊಲೆಗೆ ಮುಟ್ಟಿದರೆ ಆಯಿತು. ಪಕಾಸಿಗೆ ಮಾತ್ರ ಉದ್ದ ಬೇಕು, ಅದನ್ನು ಸಪೂರ ದಿಮ್ಮಿಯಲ್ಲಿ ತೆಗೆಯಬಹುದು. ಬುಡದ ದಪ್ಪ ತುಂಡನ್ನು ಸುಮ್ನೆ 12 ಅಡಿ ಬಿಟ್ಟುಕೊಂಡು ಅದರ ಜೊತೆ ಹೋರಾಡುವುದು ಬೇಡ.

ಮಿಲ್ಲಿಗೆ ಅಡ್ವಾನ್ಸ್ ಕೊಡುವ ಮುಂಚೆ ಅರಣ್ಯ ಇಲಾಖೆಗೆ ಒಮ್ಮೆ ಹೋಗಿ ಬನ್ನಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿದೆ. ಅಷ್ಟಕ್ಕೇ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಮರ ಕಡಿಯುವುದು ಬೇರೆ, ಅದನ್ನು ಕೊಯ್ಯುವ ಯಂತ್ರ ಇಟ್ಟುಕೊಳ್ಳುವುದು ಬೇರೆ. ಅರಣ್ಯ ಸಂರಕ್ಷಣೆಯ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಿಂದ ಕೊಟ್ಟ ಆದೇಶಗಳ ನಂತರ ಸಾ ಮಿಲ್‌ಗಳ ಮೇಲೆ ಬಿಗಿ ಹಿಡಿತ ಬಂದಿದೆ. ಮರ ಆಧಾರಿತ ಉದ್ಯಮಗಳಿಗೆ ಕೇಂದ್ರದ 2016ರ ಮಾರ್ಗಸೂಚಿಯೂ ಇದೆ. ಸ್ವಂತ ತೋಟದ ಮರ, ಸ್ವಂತ ಬಳಕೆ, ಗಾಲಿ ಮೇಲಿನ ಯಂತ್ರ, ಹಾಗಾಗಿ ಅನುಮತಿ ಬೇಡ ಅಂತ ಯಾರೋ ಮಾರಾಟಗಾರರು ಹೇಳಿದ್ದಕ್ಕೆ ತಲೆಯಾಡಿಸಬೇಡಿ. ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ) ಕಚೇರಿಗೆ ಯಂತ್ರದ ವಿವರ, ಮರದ ವಿವರ, ಪಹಣಿ ಇಟ್ಟು ಅರ್ಜಿ ಕೊಡಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಲಸಿನ ವಿಷಯವನ್ನೂ ಅದೇ ಅರ್ಜಿಯಲ್ಲಿ ಕೇಳಿಬಿಡಿ.

ಈಗ ಜಾಗ. ಮಲೆನಾಡಿನಲ್ಲಿ ಸಪಾಟು ನೆಲ ಇಲ್ಲ ಅಂತ ಎಲ್ಲರೂ ಬೇಸರ ಮಾಡಿಕೊಳ್ಳುತ್ತಾರೆ. ಈ ಕೆಲಸಕ್ಕೆ ಅದು ವರ. ಇಳಿಜಾರಿನಲ್ಲಿ ಒಂದು ಸಣ್ಣ ಧರೆ (ಗೋಡೆಯಂಥ ಮಣ್ಣಿನ ಅಂಚು) ಕಡಿದು, ಅದರ ಬುಡದಲ್ಲಿ ಮಿಲ್ ಕೂರಿಸಿ. ಧರೆಯ ಮೇಲಿನ ನೆಲ ಮಿಲ್ಲಿನ ಹಾಸಿನ ಮಟ್ಟಕ್ಕೆ, ಇಲ್ಲಾ ಒಂದೆರಡು ಇಂಚು ಮೇಲಕ್ಕೆ ಬರಬೇಕು. ಸಣ್ಣ ಮಿಲ್‌ಗಳ ಹಾಸು ನೆಲದಿಂದ ಹೆಚ್ಚು ಎತ್ತರ ಇರುವುದಿಲ್ಲ, ಹಾಗಾಗಿ ಇದಕ್ಕೆ ದೊಡ್ಡ ಅಗೆತ ಬೇಡ, ಜೆಸಿಬಿ ಬಂದ ದಿನ ಒಂದು ಗಂಟೆಯಲ್ಲಿ ಆಗುತ್ತದೆ. ಧರೆಯ ಮೇಲಿಂದ ಹಾಸಿನವರೆಗೆ ಎರಡು ಗಟ್ಟಿ ತೊಲೆ ಇಲ್ಲವೇ ದಪ್ಪ ಕಬ್ಬಿಣದ ಪೈಪು ಅಡ್ಡ ಹಾಕಿ. ದಿಮ್ಮಿಗಳೆಲ್ಲ ಅದರ ಮೇಲೆ ಸಾಲಾಗಿ ಕೂರುತ್ತವೆ. ಬೇಕಾದಾಗ ಒಂದನ್ನು ಹಾರೆಯಿಂದ ಮೀಟಿದರೆ ಉರುಳಿ ಹಾಸಿನ ಮೇಲೆ ಬರುತ್ತದೆ. ತೊಲೆಯ ತುದಿ ಬರೀ ಮಣ್ಣಿನ ಮೇಲೆ ನಿಲ್ಲಬಾರದು, ಅಂಚಿನ ಮಣ್ಣು ಭಾರಕ್ಕೆ ಜರಿಯುತ್ತದೆ. ಕಲ್ಲು ಕಟ್ಟಿ ಅದರ ಮೇಲೆ ಕೂರಿಸಿ. ಅಡಿಕೆ ಮರದ ಕಂಬ ಇದಕ್ಕೆ ಬೇಡ, 800 ಕೆಜಿ ತಡೆಯುವುದಿಲ್ಲ.

ತೊಲೆಗೆ ಇಳಿಜಾರು ಕೊಡುವಾಗ ಆಸೆಪಡಬೇಡಿ. ತಾನಾಗಿ ಉರುಳುವ ದಿಮ್ಮಿಯನ್ನು ಒಬ್ಬರು ತಡೆಯಲು ಆಗುವುದೇ ಇಲ್ಲ. ಮೀಟಿದರೆ ಹೊರಳಬೇಕು, ಬಿಟ್ಟರೆ ನಿಲ್ಲಬೇಕು, ಅಷ್ಟು ಸಾಕು. ಪ್ರತಿ ದಿಮ್ಮಿಗೂ ಎರಡೂ ಕಡೆ ಬೆಣೆ ಇರಲಿ. ಕೆಳಗಿನ ಬೆಣೆಯನ್ನು ತೊಲೆಗೇ ಮೊಳೆ ಹೊಡೆದು ನಿಲ್ಲಿಸಿ. ಒಂದು ಬೆಣೆಗೆ ಆರಡಿ ಕೋಲು ಹೊಡೆದು ಇಟ್ಟುಕೊಳ್ಳಿ. ದಿಮ್ಮಿಯ ತುದಿಯ ಪಕ್ಕದಲ್ಲಿ ನಿಂತೇ ಅದನ್ನು ಅಡಿಗೆ ತಳ್ಳಬಹುದು, ಕೈಯಾಗಲಿ ಕಾಲಾಗಲಿ ದಿಮ್ಮಿಯ ಮುಂದೆ ಹೋಗುವುದಿಲ್ಲ. ಈ ಕೋಲುಬೆಣೆ ನನ್ನ ಮಟ್ಟಿಗೆ ಇಡೀ ಸಾಮಾನಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ವಸ್ತು, ಖರ್ಚು ಏನೂ ಇಲ್ಲ.

ನಿಲ್ಲುವ ಜಾಗದ ಬಗ್ಗೆ ಒಂದೇ ನಿಯಮ. ದಿಮ್ಮಿಯ ಕೆಳಗಡೆ ಯಾವತ್ತೂ ನಿಲ್ಲಬೇಡಿ. ಬೆಣೆ ಇದ್ದರೂ ಬೇಡ, ಒಂದು ನಿಮಿಷಕ್ಕೂ ಬೇಡ. ಮುಟ್ಟುವ ಮುಂಚೆ ನಿಂತು ನೋಡಿ, ಇದು ಈಗ ಕೈ ತಪ್ಪಿದರೆ ಎಲ್ಲಿಗೆ ಹೋಗುತ್ತದೆ? ಆ ದಾರಿಯಲ್ಲಿ ನೀವು, ನಾಯಿ, ಮಿಲ್ಲಿನ ಎಂಜಿನ್, ಪೆಟ್ರೋಲ್ ಕ್ಯಾನ್ ಯಾವುದೂ ಇರಬಾರದು.

ಬಿದ್ದ ಜಾಗದಿಂದ ಧರೆಯ ಮೇಲಿನವರೆಗೆ ಎಳೆಯಲು ಟ್ರ್ಯಾಕ್ಟರ್ ಇದ್ದರೆ ಒಳ್ಳೆಯದು. ಸರಪಳಿಯನ್ನು ಕಟ್ಟುವುದು ಹಿಂದಿನ ಡ್ರಾಬಾರಿಗೆ (ಎಳೆಯಲು ಇರುವ ಕಬ್ಬಿಣದ ಪಟ್ಟಿ), ಹಿಂದಿನ ಅಚ್ಚಿಗಿಂತ ಕೆಳಗೆ. ಅಚ್ಚಿಗಿಂತ ಮೇಲೆ ಕಟ್ಟಿ ಎಳೆದಾಗ ದಿಮ್ಮಿ ಬೇರಿಗೋ ಕಲ್ಲಿಗೋ ಸಿಕ್ಕಿದರೆ ಟ್ರ್ಯಾಕ್ಟರಿನ ಮೂತಿ ಎದ್ದು ಹಿಂದಕ್ಕೆ ಮಗುಚುತ್ತದೆ. ಇದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗುತ್ತದೆ, ಕ್ಲಚ್ ಒತ್ತಲು ಸಮಯ ಸಿಗುವುದಿಲ್ಲ. ದಿಮ್ಮಿಯ ಮುಂದಿನ ತುದಿ ನೆಲಕ್ಕೆ ಚುಚ್ಚದ ಹಾಗೆ ಕೊಡಲಿಯಿಂದ ಅಂಚು ಕೆತ್ತಿ ಗುಂಡಗೆ ಮಾಡಿ. ಹಳೆಯ ಅಚ್ಚು, ಎರಡು ಚಕ್ರ ಇದ್ದರೆ ಊರಿನ ವೆಲ್ಡಿಂಗ್ ಶಾಪಿನಲ್ಲಿ ಒಂದು ಕಮಾನು ಗಾಡಿ ಮಾಡಿಸಬಹುದು. ಕಮಾನಿನ ಅಡಿಯಲ್ಲಿ ದಿಮ್ಮಿಯ ಮುಂಭಾಗ ನೇತಾಡುತ್ತದೆ, ಹಿಂಭಾಗ ಮಾತ್ರ ನೆಲದಲ್ಲಿ ಎಳೆದುಕೊಂಡು ಬರುತ್ತದೆ. ತೊಗಟೆಗೆ ಮಣ್ಣೂ ಕಡಿಮೆ ಮೆತ್ತುತ್ತದೆ. ಮಣ್ಣು ಮೆತ್ತಿದ ತೊಗಟೆ ಬ್ಲೇಡಿನ ಹಲ್ಲನ್ನು ತಿಂದುಹಾಕುತ್ತದೆ, ಅದಕ್ಕೇ ಹೇಳಿದೆ.

ಟ್ರ್ಯಾಕ್ಟರ್ ಹೋಗದ ಜಾಗದಲ್ಲಿ ಕೈ ವಿಂಚು (ಕೈಯಿಂದ ತಿರುಗಿಸಿ ಹಗ್ಗ ಎಳೆಯುವ ಸಾಧನ), ರಾಟೆ, ವೈರ್ ರೋಪ್. ಆಧಾರಕ್ಕೆ ನಿಂತ ಮರ ಹಿಡಿಯುವಾಗ ಅಗಲದ ಪಾಲಿಯೆಸ್ಟರ್ ಬೆಲ್ಟ್ ಬಳಸಿ, ಕೆಳಗೆ ಗೋಣಿ ಸುತ್ತಿ. ಬರೀ ವೈರ್ ಸುತ್ತಿದರೆ ತೊಗಟೆ ಕಿತ್ತು ಮರ ಸಾಯುತ್ತದೆ, ಅದರ ಮೇಲಿನ ಮೆಣಸಿನ ಬಳ್ಳಿಯೂ ಹೋಗುತ್ತದೆ. ರಾಟೆ ಹಾಕಿ ಹಗ್ಗವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದಾಗ ಆ ಮರದ ಮೇಲೆ ಬೀಳುವ ಎಳೆತ ಹಗ್ಗದ ಎಳೆತದ ಎರಡರಷ್ಟು. ಹಾಗಾಗಿ ರಾಟೆ ಕಟ್ಟುವ ಬೆಲ್ಟ್, ಕೊಂಡಿ ಎರಡೂ ವಿಂಚಿಗಿಂತ ದುಪ್ಪಟ್ಟು ಗಟ್ಟಿ ಇರಬೇಕು. ಬಿಗಿದ ಹಗ್ಗ ಮಾಡುವ ಮೂಲೆಯ ಒಳಗಡೆ ನಿಲ್ಲಬೇಡಿ, ರಾಟೆ ಕಿತ್ತರೆ ಅದು ಹಾರಿ ಬರುವುದು ಅಲ್ಲಿಗೇ. ರೋಪಿನ ಮಧ್ಯೆ ಒಂದು ಒದ್ದೆ ಗೋಣಿಚೀಲ ನೇತುಹಾಕಿ, ತುಂಡಾದರೆ ಬೀಸಿ ಹೊಡೆಯುವ ರಭಸ ಕಡಿಮೆಯಾಗುತ್ತದೆ. ನೈಲಾನ್ ಹಗ್ಗ ಈ ಕೆಲಸಕ್ಕೆ ಬೇಡ. ಅದು ರಬ್ಬರಿನ ಹಾಗೆ ಹಿಗ್ಗಿ, ತುಂಡಾದಾಗ ಆ ಶಕ್ತಿಯನ್ನೆಲ್ಲ ಒಮ್ಮೆಗೇ ಬಿಡುತ್ತದೆ.

ಧರೆ ಕಡಿಯಲು ಆಗುವುದಿಲ್ಲ, ಮಿಲ್ ಸಪಾಟು ಅಂಗಳದಲ್ಲೇ ಇಡಬೇಕು ಅಂದರೆ ದಿಮ್ಮಿಯನ್ನು ಏರಿಸಬೇಕಾಗುತ್ತದೆ. ಆಗಲೂ ಎತ್ತುವುದು ಬೇಡ, ಉರುಳಿಸಿ. ನಾಲ್ಕಡಿಗೆ ಒಂದಡಿ ಏರುವ ಹಾಗೆ ಎರಡು ತೊಲೆ ಒರಗಿಸಿ. ಹಗ್ಗದ ಒಂದು ತುದಿಯನ್ನು ಮಿಲ್ಲಿನ ಚೌಕಟ್ಟಿಗೆ, ದಿಮ್ಮಿ ಬರುವ ಕಡೆಯಲ್ಲೇ, ಕಟ್ಟಿ. ಅಲ್ಲಿಂದ ಹಗ್ಗ ಕೆಳಗಿಳಿದು ದಿಮ್ಮಿಯ ಅಡಿಯಲ್ಲಿ ಹೋಗಲಿ, ಹಿಂದಿನಿಂದ ಸುತ್ತಿ ಮೇಲೆ ಬರಲಿ, ಬೆನ್ನ ಮೇಲಿಂದ ಹಾದು ಮಿಲ್ಲನ್ನು ದಾಟಿ ಆಚೆಯ ವಿಂಚಿಗೆ ಹೋಗಲಿ. ಎಳೆದಾಗ ದಿಮ್ಮಿ ತಾನೇ ಒಂದು ರಾಟೆಯಾಗಿ ಉರುಳುತ್ತಾ ಏರುತ್ತದೆ. 810 ಕೆಜಿಯ ದಿಮ್ಮಿಯನ್ನು ಆ ಇಳಿಜಾರಿನಲ್ಲಿ ನೇರ ತಳ್ಳಲು ಸುಮಾರು 200 ಕೆಜಿ ಬಲ ಬೇಕು, ಹೀಗೆ ಸುತ್ತಿ ಎಳೆದರೆ ಅದರ ಅರ್ಧ, ಗಂಟು, ತೊಗಟೆಯ ತಡೆಗೆ ಇನ್ನೊಂದಿಷ್ಟು ಸೇರಿಸಿ. 1 ಟನ್ನಿನ ಕೈ ವಿಂಚಿಗೆ ಇದು ಆರಾಮದ ಕೆಲಸ. ವಿಂಚು ಬಿಟ್ಟ ಜಾಗದಲ್ಲೇ ಹಿಡಿದು ನಿಲ್ಲುವ ಬ್ರೇಕ್ ಇರುವಂಥದ್ದೇ ಆಗಬೇಕು. ಅದನ್ನು ಮಿಲ್ಲಿಗೆ ಕಟ್ಟದೆ ಆಚೆಯ ಮರಕ್ಕೋ ನೆಲದಲ್ಲಿ ಹೂತ ಕಂಬಕ್ಕೋ ಕಟ್ಟಿ. ಮಿಲ್ಲಿಗೂ ಗೂಟ ಹೊಡೆದು ಅಲುಗದಂತೆ ಮಾಡಿ. ಹಾಸಿನ ಆಚೆ ಬದಿಯ ತಡೆಗೂಟಗಳು ಮೇಲೆದ್ದಿವೆಯಾ ಅಂತ ಎಳೆಯುವ ಮುಂಚೆ ಕೈಯಿಂದ ಮುಟ್ಟಿ ನೋಡಿ. ಇನ್ನೊಂದು ರಾಟೆ ಹಾಕಿ ಹಗ್ಗವನ್ನು ಪಕ್ಕಕ್ಕೆ ತಿರುಗಿಸಿದರೆ ನೀವು ದಿಮ್ಮಿಯ ಎದುರಿಗೆ ನಿಲ್ಲದೆ ಬದಿಗೆ, ಆ ಮೂಲೆಯ ಹೊರಗೆ ನಿಂತು ವಿಂಚು ತಿರುಗಿಸಬಹುದು.

ಒಂದು ಸಮಸ್ಯೆ ಖಂಡಿತ ಬರುತ್ತದೆ. ಬುಡ ದಪ್ಪ, ತುದಿ ಸಪೂರ ಇರುವುದರಿಂದ ಒಂದು ಸುತ್ತಿಗೆ ಬುಡ ಜಾಸ್ತಿ ದೂರ ಹೋಗುತ್ತದೆ, ದಿಮ್ಮಿ ಓರೆಯಾಗುತ್ತದೆ. ಹಗ್ಗವನ್ನು ಉದ್ದದ ನಡುವೆ ಹಾಕದೆ ತೂಕದ ನಡುವೆ, ಅಂದರೆ ಬುಡದ ಕಡೆಗೆ ಸ್ವಲ್ಪ ಸರಿಸಿ ಹಾಕಿ. ಆದರೂ ಓರೆಯಾದರೆ ಬುಡದ ಎರಡೂ ಬದಿಗೆ ಬೆಣೆ ಕೊಟ್ಟು ತಡೆದು, ಸಪೂರ ತುದಿಯನ್ನು ಹಾರೆಯಿಂದ ಮುಂದೆ ತನ್ನಿ. ಅರ್ಧ ದಾರಿಯಲ್ಲಿ ಓರೆಯಾದದ್ದನ್ನು ಹಾಗೇ ಎಳೆದು ಸರಿ ಮಾಡಲು ಹೋಗಬೇಡಿ.

ಹಾಸಿನ ಮೇಲೆ ತಿರುಗಿಸಲು ಕೊಕ್ಕೆ ಕೋಲು ಬೇಕು. ನಾಲ್ಕೈದು ಅಡಿಯ ಗಟ್ಟಿ ಹಿಡಿ, ತುದಿಯಲ್ಲಿ ಬಾಗಿದ ಕೊಕ್ಕೆ, ಕೊಕ್ಕೆ ಆಡುವ ಹಾಗೆ ಬೋಲ್ಟ್ ಹಾಕಿರಬೇಕು. ಕ್ಯಾಂಟ್ ಹುಕ್ ಅಂತ ಕೇಳಿದರೆ ಸಿಗುತ್ತದೆ, ಸಿಗದಿದ್ದರೆ ಚಿತ್ರ ತೋರಿಸಿ ವೆಲ್ಡಿಂಗ್‌ನವರ ಹತ್ತಿರ ಮಾಡಿಸಿ. ದಿಮ್ಮಿಯನ್ನು ಹಾಸಿನ ಮೇಲೆ ದೊಪ್ಪೆಂದು ಬೀಳಿಸಬೇಡಿ, ಹಾಸಿನ ಮಟ್ಟ ಹಾಳಾದರೆ ಹಲಗೆ ಒಂದು ತುದಿ ದಪ್ಪ, ಇನ್ನೊಂದು ತುದಿ ತೆಳು ಬರುತ್ತದೆ. ದಪ್ಪ ದಿಮ್ಮಿಗೆ ತಿರುಗಿಸಲೂ ವಿಂಚನ್ನೇ ಬಳಸಿ.

ಒಬ್ಬರೇ ಇದ್ದಾಗ ತಿರುಗಿಸುವ ಸಲ ಕಡಿಮೆ ಮಾಡುವುದು ಜಾಣತನ. ಸಾ ಮಿಲ್‌ನವರು ನಾಲ್ಕೂ ಕಡೆ ಚಚ್ಚೌಕ ಮಾಡಿಕೊಂಡು ಹಲಗೆ ತೆಗೆಯುತ್ತಾರೆ. ನೀವು ಮೇಲಿನ ತೊಗಟೆ ಭಾಗ ತೆಗೆದು, ಅಲ್ಲಿಂದ ಅರ್ಧದವರೆಗೆ ಹಲಗೆ ಕೊಯ್ದು, ಒಮ್ಮೆ ಮಗುಚಿ ಸಪಾಟು ಮೈಯನ್ನು ಹಾಸಿನ ಮೇಲೆ ಕೂರಿಸಿ ಉಳಿದದ್ದನ್ನು ಕೊಯ್ಯಿರಿ. ಅಷ್ಟು ಹೊತ್ತಿಗೆ ಅರ್ಧ ತೂಕ ಹೋಗಿರುತ್ತದೆ. ಹಲಗೆಗಳ ಅಂಚಿನಲ್ಲಿ ತೊಗಟೆ ಉಳಿಯುತ್ತದೆ, ಕೊನೆಗೆ ನಾಲ್ಕೈದು ಹಲಗೆಯನ್ನು ಒಟ್ಟಿಗೆ ನಿಲ್ಲಿಸಿ ಬಿಗಿದು ಒಂದೇ ಓಟಕ್ಕೆ ಅಂಚು ತೆಗೆಯಬಹುದು. ಬೇಗ ಬೆಳೆದ ಮರದ ಒಳಗೆ ಬಿಗಿತ ಇರುತ್ತದೆ. ಕೊಯ್ಯುತ್ತಿರುವಾಗಲೇ ಹಲಗೆಯ ತುದಿ ಮೇಲೆದ್ದರೆ ಅರ್ಧಕ್ಕೆ ಕಾಯದೆ ಆಗಲೇ ಮಗುಚಿ, ಎರಡೂ ಕಡೆಯಿಂದ ಸಮನಾಗಿ ತೆಗೆಯಿರಿ.

ಬ್ಲೇಡ್ ಹಾಕುವ ಮುಂಚೆ ದಿಮ್ಮಿಯ ತೊಗಟೆಯ ಮೇಲೆ ಕಣ್ಣಾಡಿಸಿ. ತೋಟದ ಮರದಲ್ಲಿ ಬೇಲಿ ತಂತಿ, ಬೋರ್ಡಿನ ಮೊಳೆ ಒಳಗೆ ಸೇರಿಕೊಂಡಿರುತ್ತವೆ. ಕೊಯ್ದ ಮೈಯಲ್ಲಿ ನೀಲಿ ಕಪ್ಪು ಕಲೆ ಕಂಡರೆ ಒಳಗೆ ಕಬ್ಬಿಣ ಇರುವ ಅನುಮಾನ ಬರಲಿ, ಅಲ್ಲೇ ನಿಲ್ಲಿಸಿ. ಹಲಸಿನ ಅಂಟು ಬ್ಲೇಡಿಗೆ ಹಿಡಿಯುತ್ತದೆ, ನೀರಿಗೆ ಸ್ವಲ್ಪ ಸೋಪು ಕಲಸಿ ಹನಿಸುತ್ತಿರಿ. ಸಿಲ್ವರ್ ಓಕ್ ಹುಡಿ, ರಸ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ, ಗುಳ್ಳೆ ಬರುತ್ತದೆ. ತುಂಬು ತೋಳಿನ ಅಂಗಿ, ಮಾಸ್ಕ್, ಕನ್ನಡಕ, ಕಿವಿಗೆ ಮಫ್ ಬೇಕೇಬೇಕು. ಸುತ್ತಿಟ್ಟ ಬ್ಲೇಡನ್ನು ಬಿಚ್ಚುವಾಗ ಅದು ಸ್ಪ್ರಿಂಗಿನಂತೆ ಎಗರುತ್ತದೆ, ಗ್ಲೌಸ್ ಹಾಕಿ, ಮುಖ ದೂರ ಇಡಿ. ಎಂಜಿನ್ ನಿಂತ ಮೇಲೂ ಬ್ಲೇಡ್ ತಿರುಗುತ್ತಿರುತ್ತದೆ, ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆಗೆಯಬೇಡಿ.

ಹಲಗೆಯ ತೂಕವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. 10 ಅಡಿ ಉದ್ದ, 10 ಇಂಚು ಅಗಲ, 2 ಇಂಚು ದಪ್ಪದ ಹಸಿ ಹಲಗೆ ಸುಮಾರು 39 ಕೆಜಿ. ದಿನವಿಡೀ ಅದನ್ನು ಬಗ್ಗಿ ಎತ್ತಿದರೆ ಸೊಂಟ ಉಳಿಯುವುದಿಲ್ಲ, ಅದೂ ನಿಮ್ಮ ವಯಸ್ಸಿನಲ್ಲಿ. ಹಾಸಿನ ಪಕ್ಕದಲ್ಲೇ ಹಾಸಿನ ಎತ್ತರಕ್ಕೆ ಒಂದು ಅಟ್ಟಣಿಗೆ ಮಾಡಿ, ಹಲಗೆಯನ್ನು ಅದರ ಮೇಲೆ ಜಾರಿಸಿ. ಒಯ್ಯುವಾಗ ಒಂದು ತುದಿ ಕೈಗಾಡಿ ಮೇಲಿರಲಿ. ಒಣಗಿಸಲು ನೆರಳಿನಲ್ಲಿ, ಒಂದೂವರೆ ಎರಡು ಅಡಿಗೊಂದು ರೀಪು ತುಂಡು ಕೊಟ್ಟು ಪೇರಿಸಿ, ಮೇಲಿಂದ ಕೆಳಗಿನವರೆಗೆ ರೀಪುಗಳು ಒಂದೇ ನೇರದಲ್ಲಿ ಬರಬೇಕು. ಬಿದ್ದ ಸಿಲ್ವರ್ ಓಕನ್ನು ಬಹಳ ದಿನ ಹಾಗೇ ಬಿಟ್ಟರೆ ಹುಳ ಕೊರೆಯುತ್ತದೆ, ಬಣ್ಣ ಕೆಡುತ್ತದೆ. ಹಾಗಾಗಿ ನೆಲ ಒಣಗಿದ ಕೂಡಲೇ ಶುರುಮಾಡಿ, ಕೊಯ್ದ ಹಲಗೆಯನ್ನು ಬೋರಾಕ್ಸ್, ಬೋರಿಕ್ ಆಸಿಡ್ ಕಲಸಿದ ನೀರಿನಲ್ಲಿ ಅದ್ದಿ ತೆಗೆಯಿರಿ. ನೆಲ ಒದ್ದೆ ಇರುವಾಗ ದಿಮ್ಮಿ ಎಳೆಯುವುದು ಮಾತ್ರ ಬೇಡ.

ಎರಡಡಿಗೂ ದಪ್ಪ ಇರುವ ಬುಡದ ತುಂಡನ್ನು ಅಲುಗಿಸಲೇ ಆಗದಿದ್ದರೆ ದಿಮ್ಮಿ ಇದ್ದಲ್ಲಿಗೇ ಗರಗಸ ಹೋಗಲಿ. ಚೈನ್ ಸಾಗೆ ಚೌಕಟ್ಟು ಕಟ್ಟಿದ ಅಲಾಸ್ಕನ್ ಮಿಲ್ ಸಿಗುತ್ತದೆ. ಅದು ಒಂದು ಸಲಕ್ಕೆ 8ರಿಂದ 10 ಮಿಲಿಮೀಟರ್ ಮರ ಹುಡಿ ಮಾಡುತ್ತದೆ, ಬ್ಯಾಂಡ್ ಬ್ಲೇಡ್ ಸುಮಾರು 2 ಮಿಲಿಮೀಟರ್. ಹಾಗಾಗಿ ಹಲಗೆಗೆ ಅದು ದಂಡ. ಬುಡವನ್ನು ಉದ್ದಕ್ಕೆ ಎರಡು ಹೋಳು ಮಾಡಲು ಮಾತ್ರ ಅದನ್ನು ಬಳಸಿ, ಹೋಳುಗಳನ್ನು ಮಿಲ್ಲಿಗೆ ತನ್ನಿ.

ಒಬ್ಬರೇ ಮಾಡಲೇಬಾರದ ಕೆಲಸವೂ ಇದೆ. ನಿಮ್ಮ ಮರಗಳು ಗಾಳಿಗೆ ಬಿದ್ದಿವೆ ಅಂದಿರಿ. ಬೇರು ಮಣ್ಣಿನ ಸಮೇತ ಎದ್ದು ನಿಂತ ಬುಡದಿಂದ ಕಾಂಡವನ್ನು ಕತ್ತರಿಸಿದ ತಕ್ಷಣ ಆ ಬುಡ ಹಿಂದಕ್ಕೆ ಬಿದ್ದು ಗುಂಡಿ ಮುಚ್ಚಬಹುದು, ಇಲ್ಲಾ ಮುಂದಕ್ಕೆ ಮಗುಚಬಹುದು. ಕಾಂಡ ಬಿಗಿತದಿಂದ ಎಗರುವುದೂ ಉಂಟು. ಇನ್ನೊಂದು ಮರಕ್ಕೆ ಒರಗಿ ಸಿಕ್ಕಿಕೊಂಡ ಮರವೂ ಹಾಗೇ. ಇವೆರಡನ್ನೂ ಅನುಭವ ಇರುವ ಮರ ಕಡಿಯುವವರನ್ನು ಕರೆಸಿ, ದುಡ್ಡು ಕೊಟ್ಟು ಮಾಡಿಸಿ. ಮಗ ಬರುವ ದಿನಗಳನ್ನು ದಪ್ಪ ದಿಮ್ಮಿಗಳನ್ನು ಧರೆಯ ಮೇಲಿನ ತೊಲೆಗೆ ತಂದು ಸಾಲು ಕೂರಿಸಲು ಇಟ್ಟುಕೊಳ್ಳಿ. ಉಳಿದ ದಿನ ನೀವೊಬ್ಬರೇ ಕೊಯ್ಯಬಹುದು.

ಒಬ್ಬರೇ ಇರುವ ದಿನ ಮನೆಯವರಿಗೆ ಇಂತಿಷ್ಟು ಹೊತ್ತಿಗೆ ಬರುತ್ತೇನೆ ಅಂತ ಹೇಳಿ ಹೋಗಿ, ಆ ಹೊತ್ತಿಗೆ ಬರದಿದ್ದರೆ ಅವರು ಬಂದು ನೋಡಬೇಕು ಎಂಬ ಮಾತಿರಲಿ. ತೋಟದಲ್ಲಿ ನೆಟ್‌ವರ್ಕ್ ಸಿಗುವ ಜಾಗ ನೋಡಿಕೊಂಡೇ ಮಿಲ್ ಇಡಿ, 108ರ ಗಾಡಿ ಬರುವಷ್ಟು ದಾರಿಯೂ ಇರಬೇಕು. ಫೋನ್ ಜೇಬಿನಲ್ಲಿರಲಿ, ಬ್ಯಾಗಿನಲ್ಲಿ ಬೇಡ. ಕೊರಳಿಗೆ ಒಂದು ಸೀಟಿ, ರಕ್ತ ತಡೆಯುವ ದಪ್ಪ ಬ್ಯಾಂಡೇಜ್ ಕೈಗೆ ಸಿಗುವ ಹಾಗೆ. ಸುಸ್ತಾದ ಮೇಲೆ ಇನ್ನೊಂದು ದಿಮ್ಮಿ ಏರಿಸಬೇಡಿ.

ಸಾಮಾನಿನ ವಿಷಯ. ಮಿಲ್ಲಿಗೆ ಇಟ್ಟ ದುಡ್ಡೆಲ್ಲ ಮಿಲ್ಲಿಗೇ ಸುರಿಯಬೇಡಿ. ಬ್ರೇಕ್ ಇರುವ ವಿಂಚು, ಎರಡು ರಾಟೆ, ತಾಳುವ ಭಾರ ಬರೆದಿರುವ ಬೆಲ್ಟುಗಳು ಮತ್ತು ಕೊಂಡಿಗಳು, ಎರಡು ಹಾರೆ, ಕೊಕ್ಕೆ ಕೋಲು, ಇವನ್ನು ಮೊದಲು ತನ್ನಿ. ಸಪೂರ ದಿಮ್ಮಿಯೊಂದನ್ನು ಮಿಲ್ ಬರುವ ಮುಂಚೆಯೇ ತೊಲೆ ಮೇಲೆ ಹತ್ತಿಸಿ, ಇಳಿಸಿ, ಮಗುಚಿ ಅಭ್ಯಾಸ ಮಾಡಿ. ಅದು ಕೈಗೆ ಹತ್ತಿದ ಮೇಲೆ ಮಿಲ್ಲಿಗೆ ಆರ್ಡರ್ ಕೊಡಿ. ಆರ್ಡರ್ ಕೊಡುವಾಗ ಎಷ್ಟು ದಪ್ಪದ ದಿಮ್ಮಿ ಹಿಡಿಯುತ್ತದೆ ಅಂತ ಕೇಳಿ, ನಿಮ್ಮ ಮರದ ಬುಡದ ಅಳತೆಗೆ ಹೋಲಿಸಿ. ಬರೀ ಎಂಜಿನ್ನಿನ ಎಚ್‌ಪಿ ನೋಡಿ ತಂದರೆ ಬುಡದ ತುಂಡು ತಲೆಯೊಳಗೆ ಹಿಡಿಸದೆ ಉಳಿದುಬಿಡುತ್ತದೆ.